ಇಲ್ಲಿ ಎಲ್ಲಾ ತರಹದ ರಬ್ಬರ್ ಹಾಕಿಕೊಡಲಾಗುವುದು

ಅಂಗಡಿಗೆ ಬೋರ್ಡು ಹಾಕುವುದಷ್ಟೇ ನಮ್ಮ ಕೈಯಲ್ಲಿರುವುದು. ಅದನ್ನು ಓದಿಕೊಂಡು ಯಾರು ಏನನ್ನು ಹಿಡಿದುಕೊಂಡು ಒಳಗೆ ಬರುತ್ತಾರೋ ದೇವರೇ ಬಲ್ಲ. ಹಾಸನದಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟುಕೊಂಡೇ ತಲೆ ನರೆಸಿಕೊಂಡವನು ನಾನು. ವಾರಕ್ಕೊಂದಾದರೂ ಇಂಥ ಪ್ರಸಂಗ ಆಗದಿದ್ದರೆ ನನಗೆ ಅಂಗಡಿ ತೆರೆದ ಹಾಗೇ ಅನ್ನಿಸುವುದಿಲ್ಲ.

ಕ್ರಿಕೆಟ್ ಬ್ಯಾಟು, ಶಟ್ಲು, ಕೇರಂ ಬೋರ್ಡು ಯಾರು ಬೇಕಾದರೂ ಮಾರುತ್ತಾರೆ. ನನ್ನ ಹೆಮ್ಮೆ ಟೇಬಲ್ ಟೆನ್ನಿಸ್ ರಬ್ಬರು. ಬ್ಯಾಟಿನ ಮರಕ್ಕೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ಕಪ್ಪು ರಬ್ಬರ್ ಹಾಳೆ ಅಂಟಿಸಬೇಕು. ಆಟವೆಲ್ಲ ಇರುವುದು ಆ ಹಾಳೆಯಲ್ಲಿ. ತೀರಾ ವೇಗದ್ದು ಕೆಲವೇ ತಿಂಗಳಿಗೆ ಸತ್ತುಹೋಗುತ್ತದೆ. ತೀರಾ ಗಟ್ಟಿಯದು ವರ್ಷಗಟ್ಟಲೆ ಬಾಳುತ್ತದೆ, ಆದರೆ ಚೆಂಡಿಗೆ ಜೀವ ಬರುವುದಿಲ್ಲ. ಬಾಳಿಕೆಯೂ ಬರಬೇಕು, ಹೊಡೆಯುವುದಕ್ಕೂ ತಡೆಯುವುದಕ್ಕೂ ಚೆಂಡನ್ನು ತಿರುಗಿಸುವುದಕ್ಕೂ ಒದಗಬೇಕು. ಅಂಥ ರಬ್ಬರನ್ನು ಆರಿಸುವುದರಲ್ಲಿ ನಮ್ಮ ಜಿಲ್ಲೆಯಲ್ಲಿ ನನ್ನನ್ನು ಬಿಟ್ಟರೆ ಇಲ್ಲ. ಜಂಭ ಅಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಆ ಧೈರ್ಯದ ಮೇಲೇ ಬೋರ್ಡು ಬರೆಸಿದ್ದು: ‘ಇಲ್ಲಿ ಎಲ್ಲಾ ತರಹದ ರಬ್ಬರ್ ಹಾಕಿಕೊಡಲಾಗುವುದು.’ ಟೇಬಲ್ ಟೆನ್ನಿಸ್ ಎಂದೂ ಬರೆಸಬೇಕಾಗಿತ್ತು. ಜಾಗ ಸಾಲಲಿಲ್ಲ, ‘ಎಲ್ಲಾ ತರಹದ’ ಅನ್ನುವುದನ್ನು ಬಿಡಲು ನನಗೆ ಮನಸ್ಸು ಬರಲಿಲ್ಲ.

ಐದು ಲೀಟರಿನದು

ಬೋರ್ಡು ಹಾಕಿದ ಮೊದಲ ವಾರವೇ ಹೊಳೆನರಸೀಪುರದ ಬಸ್ಸಿಳಿದು ಒಬ್ಬ ಹೆಂಗಸು ನೇರ ಒಳಗೆ ಬಂದಳು. ಚೀಲದಿಂದ ಕುಕ್ಕರ್ ತೆಗೆದು ನನ್ನ ಗಾಜಿನ ಕೌಂಟರಿನ ಮೇಲೆ ಕುಕ್ಕಿದಳು.

“ಅಣ್ಣಾ, ನಮ್ಮೂರಲ್ಲೆಲ್ಲಾ ಕೇಳ್ಬುಟ್ಟೆ, ಇದ್ರ ಅಳತೆದು ಸಿಗ್ನಿಲ್ಲ. ಐದು ಲೀಟ್ರುದು. ಒಸಿ ಬಿಗಿಯಾಗಿರೋ ರಬ್ಬರ್ ಆಕ್ಕೊಡು. ಕೂಗೋದೇ ಬುಟ್ಬುಟ್ಟದೆ.”

“ಇದು ಕುಕ್ಕರ್ ಅಂಗಡಿ ಅಲ್ಲ ಕಣವ್ವ.”

“ಎಲ್ಲಾ ತರದ್ದೂ ಅಂತ ಬರ್ಸಿದ್ದೀಯಲ್ಲ?”

“ಅದು ಟೇಬಲ್ ಟೆನ್ನಿಸ್ ರಬ್ಬರು. ಟೇಬಲ್ ಮೇಲೆ ಆಡೋದು.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಾವೇನು ನೆಲದ ಮ್ಯಾಲಿಟ್ಟು ಬೇಯಿಸ್ತೀವಾ? ನಮ್ಮನೆ ಗ್ಯಾಸ್ ಒಲೆ ಇರಾದೂ ಟೇಬಲ್ ಮ್ಯಾಲೇ ಕಣಣ್ಣ. ಆಕ್ಕೊಡು.”

ಆ ಹೊತ್ತಿಗೆ ಅಂಗಡಿಯಲ್ಲಿ ಅರಕಲಗೂಡಿನ ಹೆಡ್ ಮಾಸ್ಟರು ಇದ್ದದ್ದು ನನ್ನ ಗ್ರಹಚಾರ. ನಮ್ಮ ತಾಲ್ಲೂಕುಗಳ ಐವತ್ತು ದಾಟಿದವರಿಗೆಲ್ಲ ಸೇರಿಸಿ ವರ್ಷಕ್ಕೊಮ್ಮೆ ಟೇಬಲ್ ಟೆನ್ನಿಸ್ ಟೂರ್ನಮೆಂಟ್ ನಡೆಯುತ್ತದೆ. ಗೆದ್ದವರಿಗೆ ಕೊಡುವ ಬೆಳ್ಳಿ ಬಣ್ಣದ ಕಪ್ ಪ್ರತಿ ವರ್ಷ ಇವರ ಮನೆಗೇ. ಇವರು ಸರ್ವೀಸ್ ಮಾಡಿದರೆ ಚೆಂಡು ಬುಗುರಿಯ ಹಾಗೆ ತಿರುಗಿಕೊಂಡು ಬರುತ್ತದೆ, ಯಾವ ಕಡೆಗೆ ಹಾರೀತೆಂದು ಹೇಳುವಂತಿಲ್ಲ. ರಬ್ಬರನ್ನು ಮಾತ್ರ ಬೆಂಗಳೂರಿನಿಂದ ತರಿಸುತ್ತಾರೆ, ನನ್ನ ಹತ್ತಿರ ಕೊಳ್ಳುವುದು ಬರೀ ಚೆಂಡು. ಅದೇ ನನಗೆ ಹೊಟ್ಟೆಯುರಿ.

ಆ ಹೆಂಗಸು ಬೈದುಕೊಂಡು ಹೋದ ಮೇಲೂ ಅವರಿಗೆ ನಗು ನಿಲ್ಲಲಿಲ್ಲ. “ರೀ, ಮೊದ್ಲು ಆ ಬೋರ್ಡ್ ಇಳಿಸ್ರೀ. ಮರ್ಯಾದೆ ಉಳೀತದೆ” ಅಂದರು.

ನನಗೆ ರೇಗಿತು. “ನಾನು ಆರಿಸಿಕೊಟ್ಟ ರಬ್ಬರ್ ಹಿಡಿದವನು ನಿಮ್ಮನ್ನ ಸೋಲಿಸ್ತಾನೆ. ಮೂರು ವರ್ಷದೊಳಗೆ ಸೋಲಿಸದೇ ಇದ್ರೆ ನೀವೇ ಏಣಿ ತಂದು ಬೋರ್ಡ್ ಇಳಿಸ್ಕೊಂಡು ಹೋಗಿ” ಅಂದುಬಿಟ್ಟೆ.

“ಏಣಿ ನಮ್ಮ ಸ್ಕೂಲಲ್ಲೇ ಐತೆ” ಅಂದರು ಅವರು.

ಹದ

ಮೊದಲ ವರ್ಷ ನನ್ನ ಆಸೆಯೆಲ್ಲ ರಾಮನಾಥಪುರದ ಹೊಗೆಸೊಪ್ಪಿನ ಬೆಳೆಗಾರರೊಬ್ಬರ ಮೇಲಿತ್ತು. ಒಳ್ಳೆಯ ತೋಳು, ಸಿಡಿಲಿನಂಥ ಹೊಡೆತ. ಅವರು ರಬ್ಬರ್ ನೋಡಿದ ರೀತಿಗೇ ನಾನು ಸೋತುಹೋದೆ. ಹಾಳೆಯನ್ನು ಬೆಳಕಿಗೆ ಹಿಡಿದರು, ಬೆರಳಲ್ಲಿ ಉಜ್ಜಿದರು, ಮೂಸಿದರು, ಕಿವಿಯ ಹತ್ತಿರ ಮಡಿಸಿ ಶಬ್ದ ಕೇಳಿದರು. ಇಷ್ಟು ತಿಳಿದ ಗಿರಾಕಿ ಸಿಕ್ಕಿದ್ದು ನನ್ನ ಪುಣ್ಯ ಅಂದುಕೊಂಡು ಹದವಾದದ್ದೊಂದು ಜೊತೆ ಆರಿಸಿಕೊಟ್ಟೆ. ಟೂರ್ನಮೆಂಟಿನ ಹಿಂದಿನ ದಿನ ಬ್ಯಾಟ್ ತನ್ನಿ, ಅಂಟಿಸಿಕೊಡುತ್ತೇನೆ ಅಂದೆ.

ಹಿಂದಿನ ದಿನ ಬಂದರು. ಕಾಗದದಿಂದ ಬಿಚ್ಚಿದ್ದು ರಬ್ಬರೋ ಕರಿದ ಹಪ್ಪಳವೋ ಗೊತ್ತಾಗಲಿಲ್ಲ.

“ಏನಾಯ್ತ್ರೀ ಇದಕ್ಕೆ?”

“ನೀವು ಅಸಿದೇ ಕೊಟ್ಬುಟ್ಟಿದ್ರಲ್ಲ ಸಾ. ಬಾಳಿಕೆ ಬರ್ಲಿ ಅಂತ ಸೊಪ್ಪು ಬೇಯಿಸೋ ಬ್ಯಾರನ್ನಾಗೆ ಅದ್ರ ಜೊತೆಗೇ ನೇತಾಕಿ ಐದು ದಿನ ಬೇಯಿಸ್ದೆ.”

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಅಂಗಡಿಯಲ್ಲಿ ಬೇರೆ ಜೊತೆ ಇರಲಿಲ್ಲ. ಮಾರನೆಯ ದಿನ ಅವರು ಯಾರದೋ ಬೋಳು ಬ್ಯಾಟ್ ಹಿಡಿದು ಮೊದಲ ಸುತ್ತಿನಲ್ಲೇ ಹೊರಬಿದ್ದರು. ಆದರೆ ಅವರಿಗೆ ಬೇಸರ ಇದ್ದ ಹಾಗೆ ಕಾಣಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳಿದರು:

“ಕೆಂಪುದು ಒಸಿ ಸೀದೋಯ್ತು ಸಾ. ಕರಿದು ಮಾತ್ರ ಒಳ್ಳೆ ಗ್ರೇಡು ಬಂದದೆ. ಅರಾಜಿಗೆ ಮಡುಗ್ಬೋದು.”

ಶ್ರುತಿ

ಎರಡನೆಯ ವರ್ಷ ರುದ್ರಪಟ್ಟಣದ ಸಂಗೀತದ ಮೇಷ್ಟ್ರು ಬಂದರು. ಮೊದಲು ಫ್ಯಾನ್ ನಿಲ್ಲಿಸಲು ಹೇಳಿದರು. ಆಮೇಲೆ ಒಂದೊಂದು ಬ್ಯಾಟಿನ ಮೇಲೂ ಚೆಂಡು ಬೀಳಿಸಿ ಕಣ್ಣು ಮುಚ್ಚಿ ಕೇಳಿದರು.

“ಈ ಕೆಂಪು ಸರಿಯಾಗಿದೆ. ಕಪ್ಪು ಸ್ವಲ್ಪ ಇಳಿದಿದೆ ನೋಡಿ. ಎರಡೂ ಸೇರ್ತಾ ಇಲ್ಲ.”

“ಸ್ವಾಮಿ, ಇದು ಬ್ಯಾಟು, ತಂಬೂರಿ ಅಲ್ಲ.”

“ಅಪಸ್ವರದ ಬ್ಯಾಟ್ ಹಿಡಿದು ನಾನು ಹೇಗೆ ನಿಲ್ಲಲಿ?”

ಎರಡು ಸಲ ಕಪ್ಪು ರಬ್ಬರ್ ಕಿತ್ತು ಬೇರೆ ಅಂಟಿಸಿದೆ. ನನ್ನ ಕಿವಿಗೆ ಎಲ್ಲವೂ ಟಕ್ ಅಂತಲೇ ಕೇಳಿಸಿತು. ಮೂರನೆಯದಕ್ಕೆ ಅವರು ತಲೆದೂಗಿದರು.

ಆದರೆ ಆಡಲು ನಿಂತರೆ ಏನು ಆಟ! ಸೆಮಿಫೈನಲ್ಲಿನಲ್ಲಿ ಹೆಡ್ ಮಾಸ್ಟರಿಗೆ ಬೆವರಿಳಿಸಿಬಿಟ್ಟರು. ಕೊನೆಯ ಗೇಮಿನಲ್ಲಿ ಹತ್ತು–ಒಂಬತ್ತು, ಇವರಿಗೆ ಗೆಲ್ಲಲು ಇನ್ನೊಂದೇ ಪಾಯಿಂಟ್ ಬೇಕು. ಚೆಂಡು ಎತ್ತರಕ್ಕೆ ಎದ್ದು ನಿಧಾನವಾಗಿ ಅವರ ಮುಂದೆ ಬಿತ್ತು. ಎಳೆಮಕ್ಕಳೂ ಹೊಡೆದು ಮುಗಿಸುವಂಥ ಚೆಂಡು. ಇವರು ಅದನ್ನು ಮೆಲ್ಲಗೆ ತಟ್ಟಿ ವಾಪಸ್ ಕಳಿಸಿದರು. ಹೆಡ್ ಮಾಸ್ಟರು ಅದನ್ನೇ ಬಡಿದರು, ಮುಂದಿನ ಎರಡನ್ನೂ ಬಡಿದು ಗೆದ್ದರು. ನನಗೆ ಅಳು ಬರುವುದೊಂದು ಬಾಕಿ.

“ಯಾಕೆ ಸ್ವಾಮಿ ಹೊಡೀಲಿಲ್ಲ?”

“ತಾಳದ ಆವರ್ತ ಇನ್ನೂ ಮುಗಿದಿರಲಿಲ್ಲವಲ್ಲ” ಅಂದರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ. “ಮಧ್ಯದಲ್ಲಿ ಹೊಡೆದು ಮುಗಿಸೋಕೆ ನಾನೇನು ತಾಳಗೆಟ್ಟವನೇ?”

ಜೋಪಾನ

ಉಳಿದದ್ದು ಮೂರನೆಯ ವರ್ಷ. ಹೆಡ್ ಮಾಸ್ಟರು ಸಿಕ್ಕಾಗಲೆಲ್ಲ ನಮಸ್ಕಾರದ ಬದಲು “ಏಣಿಗೆ ಬಣ್ಣ ಹೊಡೆಸ್ತಾ ಇದ್ದೀನಿ” ಅನ್ನಲು ಶುರು ಮಾಡಿದ್ದರು. ನನಗೆ ಧೈರ್ಯ ಇತ್ತು, ಆದರೆ ಬೋರ್ಡನ್ನು ದಿನಕ್ಕೆರಡು ಸಲ ಒರೆಸುತ್ತಿದ್ದೆ.

ಆಗ ಬಂದವರು ಗೊರೂರಿನ ಎಂಜಿನಿಯರು. ಆ ವರ್ಷ ರಿಟೈರಾಗುವವರು. ಆರು ಸಲ ಫೈನಲ್ಲಿಗೆ ಬಂದು ಆರು ಸಲವೂ ಇದೇ ಹೆಡ್ ಮಾಸ್ಟರಿಗೆ ಸೋತವರು. ಬಹಳ ಜೋಪಾನದ ಮನುಷ್ಯ. ಅವರ ಸ್ಕೂಟರಿನ ಸೀಟಿಗೆ ಶೋರೂಮಿನವರು ಹಾಕಿದ ಪ್ಲಾಸ್ಟಿಕ್ಕು ಹಳದಿಯಾಗಿ ಇನ್ನೂ ಹಾಗೇ ಇತ್ತು. ಸಾಮಾನಿನ ಬೆಲೆ ತಿಳಿದವರು ಎಂದು ಮೆಚ್ಚಿಕೊಂಡೆ.

“ಸಾರ್, ಒಂದೇ ಒಂದು ಸಲ ಆತನ್ನ ಗೆಲ್ಬೇಕು” ಅಂದರು. “ಗೆದ್ದು ಆ ಕಪ್ಪನ್ನ ನಮ್ಮನೆಯವಳ ಕೈಗೆ ಕೊಡ್ಬೇಕು. ಆರು ವರ್ಷದಿಂದ ಶೋಕೇಸಲ್ಲಿ ಜಾಗ ಬಿಟ್ಕೊಂಡು ಕೂತವ್ಳೆ.”

ಆ ಮಾತಿಗೆ ನಾನು ಎದ್ದೇ ನಿಂತೆ. ಇದ್ದಬದ್ದ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ನನ್ನ ಅನುಭವವನ್ನೆಲ್ಲ ಸುರಿದು ಒಂದು ಜೊತೆ ಆರಿಸಿದೆ. ಅಂಟಿಸಿ, ಅಂಚು ಕತ್ತರಿಸಿ, ಕೈಗೆ ಕೊಡುವಾಗ ಬುದ್ಧಿ ಹೇಳಿದೆ: “ರಬ್ಬರ್ ಮೇಲೆ ಈ ತೆಳ್ಳನೆ ಪ್ಲಾಸ್ಟಿಕ್ ಕವರ್ ಐತಲ್ಲ, ಇದನ್ನ ಬಿಸಾಕಬೇಡಿ. ಧೂಳು ತಾಗಿದ್ರೆ ರಬ್ಬರ್ ಹಾಳು. ಕವರ್ ಹಾಕಿ ಮಡಗಿ, ಎರಡು ವರ್ಷ ಬಾಳಿಕೆಗೆ ನಾನು ಗ್ಯಾರಂಟಿ.”

ಒಂದು ತಿಂಗಳು ಅವರು ಕ್ವಾರ್ಟರ್ಸಿನ ಗೋಡೆಗೆ ಚೆಂಡು ಹೊಡೆದು ಅಭ್ಯಾಸ ಮಾಡಿದರಂತೆ.

ಆ ಸಲದ ಟೂರ್ನಮೆಂಟ್ ಚನ್ನರಾಯಪಟ್ಟಣದ ಒಂದು ಕಲ್ಯಾಣ ಮಂಟಪದಲ್ಲಿ. ಮಾರನೆಯ ದಿನ ಮದುವೆ ಇದ್ದದ್ದರಿಂದ ವೇದಿಕೆಯ ಮೇಲೆ ಗಂಡುಹೆಣ್ಣಿನ ಕುರ್ಚಿಗಳನ್ನು ಆಗಲೇ ಇಟ್ಟಿದ್ದರು. ಫೈನಲ್ಲಿಗೆ ಬಂದವರು ಅದೇ ಹೆಡ್ ಮಾಸ್ಟರು, ಅದೇ ಎಂಜಿನಿಯರು. ಆಟಕ್ಕೆ ಮುಂಚೆ ಒಬ್ಬರ ಬ್ಯಾಟನ್ನು ಇನ್ನೊಬ್ಬರು ನೋಡಬೇಕು, ಅದು ರೂಲ್ಸು. ಹೆಡ್ ಮಾಸ್ಟರು ಎಂಜಿನಿಯರ ಬ್ಯಾಟನ್ನು ಹಿಂದೆಮುಂದೆ ತಿರುಗಿಸಿದರು.

“ಏನ್ರೀ ಇದು, ಕನ್ನಡಿ ತರ ಹೊಳೀತದೆ? ಹಾಸನದ ರಬ್ಬರ್ರೋ?” ಎಂದು ನನ್ನ ಕಡೆ ನೋಡಿ ನಕ್ಕು ವಾಪಸ್ ಕೊಟ್ಟರು.

ಆಟ ಶುರುವಾಯಿತು. ಹೆಡ್ ಮಾಸ್ಟರು ತಮ್ಮ ಬುಗುರಿ ಸರ್ವೀಸ್ ಕೊಟ್ಟರು. ಎಂಜಿನಿಯರು ಸುಮ್ಮನೆ ಬ್ಯಾಟ್ ಅಡ್ಡ ಹಿಡಿದರು. ವಾಪಸ್ ಹೋದ ಚೆಂಡನ್ನು ಹೆಡ್ ಮಾಸ್ಟರು ಹೊಡೆದರೆ ನೆಟ್ಟಿಗೆ ಬಿತ್ತು. ಮುಂದಿನದನ್ನು ಎತ್ತಿ ಹೊಡೆದರೆ ಮದುವೆ ಹೆಣ್ಣಿನ ಕುರ್ಚಿಯ ಮೇಲೆ ಹೋಗಿ ಕೂತಿತು. ಅವರು ಎಷ್ಟೆಷ್ಟು ತಿರುಗಿಸಿದರೋ ಅಷ್ಟಷ್ಟು ಕೆಟ್ಟರು. ನಾನು ಕುರ್ಚಿಯಿಂದ ಎದ್ದು ಅಕ್ಕಪಕ್ಕದವರಿಗೆಲ್ಲ ಪಾಠ ಹೇಳಲು ನಿಂತೆ: “ನೋಡ್ರಪ್ಪಾ, ಇದು ಆರಿಸೋದು ಅಂದ್ರೆ! ರಬ್ಬರ್ ಹೆಂಗೆ ಚೆಂಡು ಹಿಡೀತಾ ಐತೆ ನೋಡಿ!” ಕೊನೆಯ ಗೇಮು ಹನ್ನೊಂದು–ಒಂಬತ್ತು. ಎಂಜಿನಿಯರು ಗೆದ್ದರು. ನನ್ನ ಕಣ್ಣಲ್ಲಿ ನೀರು, ಬೋರ್ಡು ಉಳಿದದ್ದಕ್ಕೋ ಆ ಮನುಷ್ಯ ಕಪ್ಪನ್ನು ಅಪ್ಪಿಕೊಂಡು ನಿಂತದ್ದಕ್ಕೋ ನನಗೇ ತಿಳಿಯಲಿಲ್ಲ.

ಅವರ ಕೈಗೆ ಮೈಕ್ ಕೊಟ್ಟರು. “ಈ ಗೆಲುವು ಹಾಸನದ ರಬ್ಬರ್ ಅಂಗಡಿ ಸಾರ್‌ಗೆ ಸೇರಬೇಕು” ಅಂದರು. ನಾನು ಎದ್ದು ಎಲ್ಲರಿಗೂ ಕೈಮುಗಿದೆ. “ಕವರ್ ಹಾಕಿ ಮಡಗಿ ಅಂತ ಅವರು ಹೇಳಿದ್ರು. ನಾನು ಇವತ್ತಿನವರೆಗೂ ತೆಗೆದಿಲ್ಲ. ಸುತ್ತ ಟೇಪ್ ಬೇರೆ ಹಾಕಿದ್ದೀನಿ. ನೋಡಿ, ಒಳಗೆ ರಬ್ಬರ್ ಮೇಲೆ ಒಂದು ಗೀರೂ ಬಿದ್ದಿಲ್ಲ!”

ಮುಗಿದ ಕೈ ಹಾಗೇ ನಿಂತಿತು. ನನಗೆ ಅರ್ಥವಾಯಿತು. ಪ್ಲಾಸ್ಟಿಕ್ಕಿನ ಮೇಲೆ ಚೆಂಡು ಜಾರುತ್ತದೆ. ಹೆಡ್ ಮಾಸ್ಟರು ಚೆಂಡಿಗೆ ಕೊಟ್ಟ ಬುಗುರಿ ಸುತ್ತು ಇಳಿಯದೆ ಅವರಿಗೇ ವಾಪಸ್ ಹೋಗುತ್ತಿತ್ತು, ಪಾಪ, ಅವರು ಸೋತದ್ದು ತಮ್ಮ ಸರ್ವೀಸಿಗೇ.

“ಇದು ರೂಲ್ಸಿಗೆ ವಿರುದ್ಧ!” ಎಂದು ಹೆಡ್ ಮಾಸ್ಟರು ಕೂಗಿದರು.

“ಬ್ಯಾಟ್ ನೋಡಿ ಸರಿ ಐತೆ ಅಂತ ವಾಪಸ್ ಕೊಟ್ಟೋರು ನೀವೇ ಅಲ್ವಾ ಸಾರ್?” ಅಂದ ಅಂಪೈರು.

ಹೆಡ್ ಮಾಸ್ಟರು ನನ್ನ ಮೇಲೆ ಏರಿ ಬಂದರು. “ರೀ, ನೀವು ಆರಿಸಿದ ರಬ್ಬರ್ ಗೆದ್ದಿಲ್ಲ. ಅದು ಚೆಂಡಿಗೆ ತಾಕೇ ಇಲ್ಲ!”

ನಾನು ಬಿಡುತ್ತೇನೆಯೇ? “ತಾಕದೇನೇ ನಿಮ್ಮನ್ನ ಸೋಲಿಸ್ತಲ್ಲ ಸಾರ್. ತಾಕಿದ್ದಿದ್ರೆ ಏನು ಗತಿ? ಬಾಳಿಕೆ ವಿಷಯಕ್ಕೆ ಬಂದ್ರೆ, ಅದಿನ್ನೂ ಬಾಳೋಕೇ ಶುರು ಮಾಡಿಲ್ಲ.”

ಮುಂದಿನ ಸೋಮವಾರ ಬೆಳಗ್ಗೆ ಹೆಡ್ ಮಾಸ್ಟರು ಅಂಗಡಿಗೆ ಬಂದರು. ನಾನು ಮೊದಲು ಅವರ ಕೈ ನೋಡಿದೆ. ಏಣಿ ಇರಲಿಲ್ಲ, ಬ್ಯಾಟಿತ್ತು. ಬೆಂಗಳೂರಿನ ರಬ್ಬರನ್ನು ಆಗಲೇ ಕಿತ್ತು ಹಾಕಿದ್ದರು. ಮುಖ ಬೀದಿಯ ಕಡೆ ತಿರುಗಿಸಿಕೊಂಡು “ಎಂಜಿನಿಯರಿಗೆ ಹಾಕಿದ್ದನ್ನೇ ಹಾಕಿ” ಅಂದರು.

ನಾನು ಅದೇ ಜೊತೆ ತೆಗೆದೆ. ಅಂಟಿಸಿದೆ, ಅಂಚು ಕತ್ತರಿಸಿದೆ, ಈ ಸಲ ತಪ್ಪಾಗಬಾರದೆಂದು ಕವರಿನ ತುದಿಗೆ ಉಗುರು ಹಾಕಿ ಎಳೆಯಲು ಹೋದೆ. ಹೆಡ್ ಮಾಸ್ಟರು ಹಾರಿ ಬಂದು ನನ್ನ ಕೈ ಹಿಡಿದುಕೊಂಡರು.

“ರೀ! ಆ ಕವರ್ ಮುಟ್ಟಿದ್ರೆ ಬೋರ್ಡ್ ಇಳಿಸ್ಬುಡ್ತೀನಿ!”