ಹಾರ ಹಾಕಿದ ಟಿವಿಯೊಳಗೆ ನಾನು

ಸುದ್ದಿ ಓದುವವಳನ್ನು ಕಂಡರೆ ಜನ ಓಡೋಡಿ ಬಂದು ಮಾತಾಡಿಸುತ್ತಾರೆ ಅಂದುಕೊಂಡಿದ್ದೆ. ನನ್ನ ವಿಷಯದಲ್ಲಿ ಜನ ಹೆದರಿ ಓಡಿಹೋಗಿದ್ದೇ ಹೆಚ್ಚು.

ಇಲ್ಲೂ ಅಲ್ಲೂ

ತಾತ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಭದ್ರಾವತಿಗೆ ಬಂದವರು. ಅಪ್ಪನಿಗೂ ಅದೇ ಕಾರ್ಖಾನೆ, ಅದರದೇ ಕ್ವಾರ್ಟರ್ಸ್‌ನಲ್ಲಿ ಮನೆ. ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದಿ ಶಿವಮೊಗ್ಗದ ಕೇಬಲ್ ವಾಹಿನಿಯೊಂದಕ್ಕೆ ಸೇರಿದೆ. ನಮ್ಮ ಸುದ್ದಿ ಮಧ್ಯಾಹ್ನವೇ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ಒಂದು ಪ್ರತಿ ಬಸ್ಸಿನಲ್ಲಿ ಭದ್ರಾವತಿಗೆ ಹೋಗುತ್ತಿತ್ತು. ಸಂಜೆ ಅದು ಓಡುವ ಹೊತ್ತಿಗೆ ನಾನೂ ಊರಲ್ಲಿ ತೊಗರಿಬೇಳೆ ಕೊಳ್ಳುತ್ತಿರುತ್ತಿದ್ದೆ. ಒಂದು ದಿನ ಅಂಗಡಿಯವರು ಟಿವಿಯಲ್ಲಿ ಸುದ್ದಿ ಓದುತ್ತಿದ್ದ ನನ್ನನ್ನು ನೋಡಿದರು, ಎದುರಿಗೆ ನಿಂತಿದ್ದ ನನ್ನನ್ನು ನೋಡಿದರು, ಚಾಚಿದ್ದ ಕೈ ಹಿಂದೆಳೆದುಕೊಂಡರು.

"ದುಡ್ಡು ಅಲ್ಲೇ ಇಟ್ಟು ಹೋಗಮ್ಮ. ಮುಟ್ಟಲ್ಲ."

ಇದಾದರೂ ಸರಿ. ಎದುರುಮನೆ ಆಂಟಿಯದು ಬೇರೆ ಕಾಟ. "ಹೆಣ್ಣುಮಗಳು ಹಿಂಗೆ ಊರಿಗೆಲ್ಲ ಮುಖ ತೋರಿಸಿದ್ರೆ ಯಾರ್ರೀ ಮದುವೆ ಆಗ್ತಾರೆ?" ಎಂದು ಅಪ್ಪನ ತಲೆ ತಿನ್ನುತ್ತಿದ್ದರು. ಹೊರಗಿನಿಂದ ಬಂದವರು ಎಂಬ ಅಳುಕು ಅಪ್ಪನಿಗೆ ಇನ್ನೂ ಇತ್ತು. "ಆಯುಧಪೂಜೆ ಹಬ್ಬದವರೆಗೆ ನೋಡ್ತೀನಿ. ಆಮೇಲೂ ಕ್ವಾರ್ಟರ್ಸ್‌ನವರು ಆಡ್ಕೊಂಡ್ರೆ ಕೆಲಸ ಬಿಟ್ಬಿಡು" ಎಂದರು. ನನಗೋ ಆ ಕೆಲಸವೆಂದರೆ ಜೀವ.

ಬೀಗ ಹಾಕಿದ ಮನೆ

ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ವಾಹಿನಿಗೆ ಫೋನು ಬಂತು. ಬೀಗ ಹಾಕಿದ ಮನೆಯೊಳಗೆ ದಿನಾ ಸಂಜೆ ಹೆಂಗಸೊಬ್ಬಳು ಮಾತಾಡುತ್ತಾಳಂತೆ. ಕ್ಯಾಮೆರಾದವನ ಜೊತೆ ಹೋದೆ. ಬೀದಿಯವರು ದೂರದಲ್ಲೇ ನಿಂತಿದ್ದರು.

"ಏನಂತಾಳೆ?"

"ಬರೀ ಸತ್ತವರ ವಿಷಯ ಮಾರಾಯ್ತಿ. ಕೊನೆಗೆ ಅಡಿಕೆ ರೇಟು."

ಬಾಗಿಲ ಸಂದಿಯಲ್ಲಿ ನೀಲಿ ಬೆಳಕು ನಡುಗುತ್ತಿತ್ತು. ಕಿವಿಯಿಟ್ಟೆ. ಒಳಗಿನಿಂದ ಯಾರೋ ನಿಧಾನವಾಗಿ "ನಮಸ್ಕಾರ" ಎಂದರು. ಅದು ನನ್ನದೇ ದನಿ!

ಮನೆಯವರು ಕರೆಂಟು ಹೋಗಿದ್ದಾಗ ಟಿವಿ ಆರಿಸುವುದನ್ನು ಮರೆತು ಊರಿಗೆ ಹೋಗಿದ್ದಿರಬೇಕು; ಕರೆಂಟು ಬಂದಾಗ ಅದು ತಾನೇ ಹೊತ್ತಿಕೊಂಡಿತ್ತು. ನಮ್ಮ ವಾಹಿನಿಯಲ್ಲಿ ಸಂಜೆ ಸುದ್ದಿ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿದೆ. ಒಬ್ಬ ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಅದು ಸರಿ ಕಣವ್ವ, ನೀನು ಸತ್ತಿದ್ದು ಯಾವಾಗ?" ಎಂದರು.

ಆಯುಧಪೂಜೆ

ಕಾರ್ಖಾನೆಯವರಿಗೆ ಆಯುಧಪೂಜೆಗಿಂತ ದೊಡ್ಡ ಹಬ್ಬವಿಲ್ಲ. ಅಪ್ಪ ಸ್ಪ್ಯಾನರ್, ಸೈಕಲ್ಲು, ಮಿಕ್ಸಿಗಳ ಜೊತೆ ಟಿವಿಗೂ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಮುಂದೆ ದೀಪ ಹಚ್ಚಿದ್ದರು. ಸಂಜೆ ಸುದ್ದಿ ಶುರುವಾಗುತ್ತಿದ್ದಂತೆ ಭದ್ರಾವತಿಯ ಕೇಬಲ್‌ನವನು ಕ್ಯಾಸೆಟ್ಟನ್ನು ಅಲ್ಲೇ ನಿಲ್ಲಿಸಿ ತನ್ನ ಸ್ಕೂಟರಿನ ಪೂಜೆಗೆ ಹೋದ. ಪರದೆಯ ಮೇಲೆ ನಾನು, ಅರ್ಧ ಮುಚ್ಚಿದ ಕಣ್ಣು, ಅಲುಗಾಟವಿಲ್ಲ. ಸುತ್ತ ಹಾರ, ಮುಂದೆ ದೀಪ. ಎದುರುಮನೆ ಆಂಟಿ ಕಿಟಕಿಯಲ್ಲಿ ಇಣುಕಿದವರೇ ಚೀರಿದರು.

ನಾನು ಬಸ್ಸಿಳಿದು ಬಂದರೆ ಮನೆ ಮುಂದೆ ಚಪ್ಪಲಿ ರಾಶಿ. ಒಳಗೆ ಅಳು. ಅಪ್ಪನಿಗೇ ಏನೋ ಆಗಿದೆ ಎಂದು ಬಾಗಿಲಿಗೆ ಓಡಿದೆ.

"ಚಿನ್ನದಂಥ ಹುಡುಗಿ! ಎಷ್ಟು ಚಂದ ಸುದ್ದಿ ಓದ್ತಿತ್ತು! ನಮ್ಮ ಕ್ವಾರ್ಟರ್ಸ್‌ಗೇ ಹೆಸರು ತಂದಿತ್ತು!" ಆಂಟಿ ಎದೆ ಬಡಿದುಕೊಳ್ಳುತ್ತಿದ್ದರು. ಉಳಿದವರೂ ದನಿಗೂಡಿಸಿದ್ದರು. "ಅಯ್ಯೋ, ಅವಳಿಗೇನೂ ಆಗಿಲ್ಲಮ್ಮ" ಎಂಬ ಅಪ್ಪನ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ.

"ಏನಾಯ್ತು?" ಎಂದೆ, ಬಾಗಿಲಲ್ಲಿ ನಿಂತು.

ಎಲ್ಲರೂ ನನ್ನ ಕಡೆ ತಿರುಗಿದರು. ಅದೇ ಗಳಿಗೆಗೆ ಕೇಬಲ್‌ನವನು ಪೂಜೆ ಮುಗಿಸಿ ಬಂದಿರಬೇಕು. ಹಾರದೊಳಗಿನ ಮುಖ ಮೆಲ್ಲಗೆ ಕಣ್ಣು ಬಿಟ್ಟು "ನಮಸ್ಕಾರ" ಎಂದಿತು.

ಹಿತ್ತಲ ಬಾಗಿಲು ಚಿಕ್ಕದು. ಅಷ್ಟು ಜನ ಅದರಲ್ಲಿ ಹೇಗೆ ತೂರಿದರೋ!

"ಕೆಲಸ ಬಿಡ್ಬೇಡ," ಅಪ್ಪ ಕಣ್ಣೊರೆಸಿಕೊಂಡು ನಕ್ಕರು. "ಇಡೀ ಕ್ವಾರ್ಟರ್ಸ್ ನಿನ್ನ ಹೊಗಳಿದ್ದನ್ನ ನಾನೇ ಕೇಳಿದೀನಿ."

ಮರುದಿನ ಎದುರುಮನೆ ಆಂಟಿ ಮುಖ ಊದಿಸಿಕೊಂಡು ನಿಂತಿದ್ದರು.

"ನೀನು ಬದುಕಿದೀಯ ಅಂತ ಗೊತ್ತಿದ್ದಿದ್ರೆ, ಒಂದು ಒಳ್ಳೇ ಮಾತೂ ಆಡ್ತಿರ್ಲಿಲ್ಲ ನಾನು!"