ನೆಲದ ಮೇಲೆ ಮುಳುಗಿದ ದೋಣಿ

“ತಲೆಬಿಸಿ ಮಾಡಬೇಡಿ” ಎನ್ನುವುದು ನನ್ನ ಬಾಯಿಚಪಲ. ಊರಿಗೆ ಹೋಗುವವರ ಬೀಗದಕೈ ಇರಲಿ, ಪಕ್ಕದ ಮನೆಯ ನಾಯಿ ಇರಲಿ, ಒಪ್ಪಿಸುವವರು ಮಾತು ಮುಗಿಸುವ ಮೊದಲೇ ಅದು ಹೊರಬಿದ್ದಿರುತ್ತದೆ. ಆಮೇಲೆ ತಲೆಬಿಸಿ ಯಾರಿಗೆ ಎಂಬುದು ಬೇರೆ ವಿಚಾರ. ಮುಂಬೈಯ ನನ್ನ ಭಾವ ಹಂಗಾರಕಟ್ಟೆಯಲ್ಲಿ ತಮ್ಮ ಹಾಯಿದೋಣಿಯನ್ನು ಮಳೆಗಾಲಕ್ಕೆಂದು ದಡಕ್ಕೆ ಎಳೆಸಿ, ಬೀಗದಕೈಯನ್ನು ನನ್ನ ಕೈಗಿಟ್ಟಾಗಲೂ ಅದನ್ನೇ ಹೇಳಿದೆ. ದೋಣಿಯೊಳಗೆ ಪುಟ್ಟ ಕೋಣೆ, ಎದುರುಬದುರು ಎರಡು ಹಾಸಿಗೆ, ಒಂದು ಪ್ಲೈವುಡ್ ಕಪಾಟು. ಇಷ್ಟು ವರ್ಷ ಬೇಡವೇ ಬೇಡ ಎಂದಿದ್ದ ಅಕ್ಕ ಈ ದೀಪಾವಳಿಗೆ ಅದನ್ನು ಹತ್ತಲು ಒಪ್ಪಿದ್ದಳು. “ಅವ್ಳ್ ಒಂದ್ ಸಲ ಮೂಗ್ ಮುಚ್ರೆ ಮತ್ತ್ ಯಾವತ್ತೂ ಹತ್ತುದಿಲ್ಲ, ನೆನ್ಪಿರ್ಲಿ ಮಾರಾಯ” ಎಂದು ಭಾವ ಎಚ್ಚರಿಸಿ ಹೋದರು.

ಮೊದಲ ಮಳೆಗೆ ಹೋಗಿ ನೋಡಿದರೆ ದೋಣಿಯ ತಳದಲ್ಲೊಂದು ತೂತು! ಭಾವ ಬೂಚು ಹಾಕುವುದನ್ನೇ ಮರೆತಿದ್ದಾರೆ. ಮನಸ್ಸಿನಲ್ಲೇ ಅವರನ್ನು ಬೈದು, ಅಲ್ಲೇ ಬಿದ್ದಿದ್ದ ಬೂಚಿಗೆ ಬಟ್ಟೆ ಸುತ್ತಿ ಬಿಗಿಯಾಗಿ ಬಡಿದು ಬಂದೆ. ದಡದಲ್ಲಿಟ್ಟ ದೋಣಿಯ ಬೂಚು ತೆಗೆದಿಡುವುದು ಮಳೆನೀರು ಹರಿದುಹೋಗಲಿ ಎಂದೇ, ಇದು ಹಂಗಾರಕಟ್ಟೆಯ ಕೋಳಿಗೂ ಗೊತ್ತು. ನಾನೋ ಬಾರ್ಕೂರಿನ ನಿವೃತ್ತ ವಿಜ್ಞಾನ ಮೇಷ್ಟ್ರು! ಬೂಚು ಬಡಿದ ಧೈರ್ಯದಲ್ಲಿ ಮೂರು ತಿಂಗಳು ಆ ಕಡೆ ತಲೆಹಾಕಲಿಲ್ಲ. ಭಾವ ಫೋನ್ ಮಾಡಿದಾಗಲೆಲ್ಲ “ಎಲ್ಲ ಲಾಯ್ಕಿತ್ತ್ ಭಾವ” ಎಂದೆ. ದೋಣಿಗೆ ಹೊದಿಸಿದ್ದ ಟಾರ್ಪಾಲು ಹರಿದಿತ್ತು. ಸೆಪ್ಟೆಂಬರಿನಲ್ಲಿ ಬಾಗಿಲು ತೆಗೆದರೆ ಹಾಸಿಗೆಗಳು ತೇಲುತ್ತಿದ್ದವು. ಸಮುದ್ರದಲ್ಲಿ ಮುಳುಗದ ದೋಣಿಯನ್ನು ನಾನು ನೆಲದ ಮೇಲೆ ಮುಳುಗಿಸಿದ್ದೆ.

ಬೂಚು ಕಿತ್ತು ನೀರು ಬಿಟ್ಟೆ. ಬೂಷ್ಟು ಹಿಡಿದ ಗೋಡೆ, ಹಾಸಿಗೆ ಎಲ್ಲವನ್ನೂ ಕೈಗೆ ಸಿಗುವಷ್ಟು ಹತ್ತಿರದ ಹೊಳೆಯಿಂದಲೇ ನೀರು ಮೊಗೆದು ಉಜ್ಜಿ ತೊಳೆದೆ. ಎಷ್ಟು ದಿನ ಬಿಸಿಲಿಗಿಟ್ಟರೂ ಬೆಳಿಗ್ಗೆ ಮುಟ್ಟಿದರೆ ಮತ್ತೆ ತೇವ. ಪಕ್ಕದ ಅಂಗಳದಲ್ಲಿ ಮೀನು ಒಣಗಿಸುವ ಗಿರಿಜಕ್ಕ ನೋಡಿ ನೋಡಿ ಸಾಕಾಗಿ ಕೇಳಿದರು: “ಹ್ವಾಯ್ ಮಾಷ್ಟ್ರೇ, ಉಪ್ಪ್ ನೀರಂಗೆ ತೊಳ್ದ್ರ್ಯಾ? ಉಪ್ಪ್ ಹೋಪ ತನ್ಕ ಅದ್ ಒಣ್ಗುದಿಲ್ಲ. ಬಾವಿ ನೀರ್ ಹಾಕಿ ಕಾಣಿ.” ಅಳಿವೆಯ ಹೊಳೆಗೆ ಸಮುದ್ರದ ಉಪ್ಪು ಏರಿಬರುತ್ತದೆ, ಉಪ್ಪು ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ ಎಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನೇ. ಅವರ ಬಾವಿಯಿಂದಲೇ ನೀರು ಸೇದಿ ಮೂರು ಸಲ ತೊಳೆದೆ.

ಉಬ್ಬಿದ ಕಪಾಟಿನ ಬಾಗಿಲನ್ನು ಆಚಾರಿಯವರು ಕೀಸಿ ಕೂರಿಸಿದರು, ವಾರ್ನಿಷ್ ನಾನೇ ಬಳಿದೆ. ಹಾಸಿಗೆ ಮಾತ್ರ ಒಣಗಲಿಲ್ಲ, ಹಬ್ಬಕ್ಕೆ ನಾಲ್ಕೇ ದಿನ. ಬೆಳಗಿನಿಂದ ಸಂಜೆಯವರೆಗೂ ಬಿಸಿಲು, ಗಾಳಿ ಎರಡೂ ಸಿಗುವ ಜಾಗ ಗಿರಿಜಕ್ಕನ ಅಂಗಳವೊಂದೇ. “ಇಲ್ಲ್ ಬ್ಯಾಡ ಮಾಷ್ಟ್ರೇ, ವಾಸ್ನಿ ಹಿಡಿತ್ತ್” ಎಂದರು. “ತಲೆಬಿಸಿ ಮಾಡ್ಬೇಡಿ” ಎಂದು ಸಿಗಡಿ ಹರವಿದ ಚಾಪೆಗಳ ನಡುವೆಯೇ ಹಾಸಿಬಿಟ್ಟೆ. ಎರಡೇ ದಿನಕ್ಕೆ ಹಪ್ಪಳದಂತೆ ಒಣಗಿದವು. ತಿಂಗಳಿಡೀ ಬೂಷ್ಟು ಕುಡಿದ ನನ್ನ ಮೂಗಿಗೆ ಬೇರೇನೂ ತಿಳಿಯಲಿಲ್ಲ.

ಹಬ್ಬದ ಮರುದಿನ ಇಬ್ಬರೂ ಬಂದರು. ವಾರ್ನಿಷಿನ ಹೊಳಪು ಕಂಡು ಭಾವ ನನ್ನ ಬೆನ್ನು ತಟ್ಟಿದರು. ಹೊಸ ಸೀರೆಯುಟ್ಟ ಅಕ್ಕ ಹಾಸಿಗೆಯ ಮೇಲೆ ಕೂತಳು, ಕೂತಷ್ಟೇ ಬೇಗ ಎದ್ದಳು. ಒಣಸಿಗಡಿ ಎಂದರೆ ಅವಳಿಗೆ ಪ್ರಾಣ, ಆದರೆ ಚಟ್ನಿಯಲ್ಲಿ, ಹಾಸಿಗೆಯಲ್ಲಲ್ಲ. “ನಂಗೆ ಬಸ್ಸೇ ಸಾಕ್” ಎಂದು ಮೂಗು ಮುಚ್ಚಿಕೊಂಡೇ ಇಳಿದು ಹೋದಳು.

ಭಾವ ಬೈದಿದ್ದರೆ ಹಗುರಾಗುತ್ತಿತ್ತು. ಅವರು ನನ್ನಿಂದ ಬೀಗದಕೈ ತೆಗೆದುಕೊಂಡು ಗಿರಿಜಕ್ಕನಿಗೆ ಕೊಟ್ಟು, “ಇನ್ನ್ ನೀವೇ ಕಂಡ್ಕಣಿ” ಎಂದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಬಾಯಿ ಕೇಳಬೇಕಲ್ಲ. “ತಲೆಬಿಸಿ ಮಾಡ್ಬೇಡಿ ಗಿರಿಜಕ್ಕ, ನಾನಿದ್ನಲೆ” ಎಂದುಬಿಟ್ಟೆ.

ಗಿರಿಜಕ್ಕ ಬೀಗದಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೇಳಿದರು: “ನೀವಿಪ್ಪುದೇ ತಲೆಬಿಸಿ, ಮಾಷ್ಟ್ರೇ.”