ಯಾರ ಹೆಸರು ಮೇಲೆ?

ಮೊದಲೇ ಹೇಳಿಬಿಡುತ್ತೇನೆ, ಈ ಜಗಳ ಶುರು ಮಾಡಿದವನು ನಾನಲ್ಲ. ಶುರು ಮಾಡಿದ್ದು ನಮ್ಮ ಮನೆಯ ಕಂಪ್ಯೂಟರು. ಅದೂ ಸ್ವಿಚ್ ಹಾಕಿದ ತಕ್ಷಣ, ಯಾರೂ ಇನ್ನೂ ಬಾಯಿ ತೆರೆಯುವ ಮುಂಚೆ.

ಚಿಕ್ಕಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಹೆಸರು ರಮೇಶ್‌ಬಾಬು. (ಈ ಹೆಸರನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ. ನನಗೆ ಅದು ಸಾಧ್ಯವಾಗಲಿಲ್ಲ.) ಹೋದ ವರ್ಷ ಮೇಷ್ಟ್ರುಗಳಿಗೆಲ್ಲ ಒಂದು ತರಬೇತಿ ಕೊಟ್ಟು, ಕೊನೆಯ ದಿನ ಕೈಗೆ, ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬುದರ ಸಿ.ಡಿ. ಇಟ್ಟು ಕಳಿಸಿದರು. ನಾನು ಜ್ಞಾನೋದಯವಾದವನ ಹಾಗೆ ಮನೆಗೆ ಬಂದು, ಆಗಲೇ ವಿಂಡೋಸ್ ಸುಖವಾಗಿ ಸಂಸಾರ ಮಾಡಿಕೊಂಡಿದ್ದ ಕಂಪ್ಯೂಟರಿನಲ್ಲಿ ಲಿನಕ್ಸನ್ನೂ ತಂದು ಕೂರಿಸಿದೆ. ಅಂದಿನಿಂದ ಸ್ವಿಚ್ ಹಾಕಿದಾಗಲೆಲ್ಲ ಕಪ್ಪು ಪರದೆಯ ಮೇಲೆ ಒಂದು ಪಟ್ಟಿ ಬರತೊಡಗಿತು. ಮೇಲ್ಗಡೆ ಲಿನಕ್ಸು ಮತ್ತು ಅದರ ಪರಿವಾರ, ತೀರಾ ಕೆಳಗೆ ವಿಂಡೋಸು. ಹತ್ತು ಸೆಕೆಂಡಿನೊಳಗೆ ಯಾರೂ ಏನೂ ಒತ್ತದಿದ್ದರೆ ಮೇಲಿನದು ತಾನೇ ತೆರೆದುಕೊಳ್ಳುತ್ತದೆ. ಲಿನಕ್ಸ್ ನನ್ನದು. ವಿಂಡೋಸ್ ನನ್ನ ಹೆಂಡತಿ ವೆಂಕಟರತ್ನಳದು.

"ರೀ, ನಂದ್ಯಾಕೆ ಕೆಳಗೈತೆ?" ಎಂದಳು ಅವಳು ಮೊದಲ ದಿನವೇ.

"ಅದು ಹಂಗೇ ಬರೋದು ಕಣೇ. ಕೆಳಗಿನ ಬಾಣ ಒತ್ಕೊಂಡು ಹೋದ್ರೆ ನಿಂದು ಸಿಗ್ತದೆ."

"ಒಲೆ ಮೇಲೆ ಹಾಲಿಟ್ಟು ಬಂದು ನಾನಿಲ್ಲಿ ಬಾಣ ಒತ್ಕೊಂಡು ಕೂತ್ಕೊಳ್ಳಾ? ಹೋಗಿ ಬರೋ ಅಷ್ಟ್ರಲ್ಲಿ ನಿಮ್ ಬಾತುಕೋಳಿ ಬಂದಿರ್ತದೆ."

"ಅದು ಪೆಂಗ್ವಿನ್, ಲಿನಕ್ಸಿನ ಗುರುತು."

"ಏನೋ ಒಂದು ಕೋಳಿ. ನಿಮ್ ಕಡೇದು ಮೇಲೆ, ನಮ್ ಕಡೇದು ಕೆಳಗೆ. ಮದ್ವೆ ಆದಾಗಿಂದ ಇದೇ ಆಯ್ತು!"

ಹೀಗೆ ದಿನಾ ಬೆಳಿಗ್ಗೆ ಕಾಫಿಯ ಜೊತೆಗೆ ಇದೊಂದು ಮಂಗಳಾರತಿ ನಡೆಯುತ್ತಿದ್ದಾಗಲೇ ನನ್ನ ನಾದಿನಿ ಭಾನುಪ್ರಿಯಾಳ ಮದುವೆ ಗೊತ್ತಾಯಿತು. ನಮ್ಮ ಮಾವ ನರಸಿಂಹಪ್ಪನವರು ಪೆರೇಸಂದ್ರದಲ್ಲಿ ದ್ರಾಕ್ಷಿ ತೋಟ ಇಟ್ಟುಕೊಂಡವರು. ಲಗ್ನಪತ್ರಿಕೆ ತಯಾರು ಮಾಡುವ ಜವಾಬ್ದಾರಿಯನ್ನು ಅವರು ಕಂಪ್ಯೂಟರ್ ಬಲ್ಲ ಹಿರಿಮಗಳಿಗೆ ಒಪ್ಪಿಸಿದರು. ನಮ್ಮ ಸೀಮೆಯಲ್ಲಿ ಲಗ್ನಪತ್ರಿಕೆ ಎಂದರೆ ಗಂಡು ಹೆಣ್ಣಿನ ಹೆಸರು, ಮುಹೂರ್ತ, ಛತ್ರ ಇಷ್ಟೇ ಎಂದುಕೊಂಡರೆ ನಿಮಗೆ ಏನೂ ಗೊತ್ತಿಲ್ಲ ಎಂದರ್ಥ. ಅವನ್ನು ಯಾರೂ ಓದುವುದಿಲ್ಲ. ಎಲ್ಲರೂ ಓದುವುದು ಕೆಳಗಡೆಯ 'ಆಗಮನಾಭಿಲಾಷಿಗಳು' ಎಂಬ ಭಾಗವನ್ನು. ಅಲ್ಲಿ ಯಾರ ಹೆಸರು ಇದೆ, ಯಾರದಿಲ್ಲ, ಯಾರದು ಯಾರ ಮೇಲಿದೆ ಎಂಬುದರ ಮೇಲೆ ಮುಂದಿನ ಇಪ್ಪತ್ತು ವರ್ಷದ ನೆಂಟಸ್ತಿಕೆ ನಿಂತಿರುತ್ತದೆ.

ಈ ಪಟ್ಟಿಯ ವಿಚಾರದಲ್ಲಿ ಹೆಂಡತಿಗೂ ಅವಳ ಸೋದರಮಾವ, ಚಿಂತಾಮಣಿಯ ಕೋನಪ್ಪನವರಿಗೂ ಎರಡು ವಾರ ಫೋನಿನಲ್ಲಿ ಘನಘೋರ ಮಾತುಕತೆ ನಡೆಯಿತು. ಇವಳು ರೂಮಿನ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಳು. "ಇದೇನು ಮದ್ವೆ ಪತ್ರಿಕೆನೋ ಮಂತ್ರಿಮಂಡಲ ವಿಸ್ತರಣೆನೋ?" ಎಂದು ನಾನು ಹೊರಗಿನಿಂದ ಕೂಗಿ ನಗುತ್ತಿದ್ದೆ. "ನಿಮ್ ಕಡೆಯೋರ ಹೆಸರು ಮೇಲಿದ್ರೇನು, ಕೆಳಗಿದ್ರೇನು? ನನಗಂತೂ ಏನೂ ಇಲ್ಲಪ್ಪ."

"ಹೌದೌದು, ನಿಮಗೇನು!" ಎಂದು ಅವಳು ಬಾಗಿಲು ತೆರೆದು ಒಂದು ಥರಾ ನೋಡಿ ಮತ್ತೆ ಹಾಕಿಕೊಂಡಿದ್ದಳು.

ಒಂದು ಗುರುವಾರ ಬೆಳಿಗ್ಗೆ ಸಂಧಾನ ಮುಗಿಯಿತು. ಒಟ್ಟು ಇಪ್ಪತ್ತೊಂದು ಹೆಸರು. ಬೆಸಸಂಖ್ಯೆಯೇ ಆಗಬೇಕು ಎಂದು ಕೋನಪ್ಪನವರ ಹಟ. ರತ್ನ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕೂರಿಸಿ, ತಂಗಿಯ ಸೀರೆ ತರಲು ಮಗಳನ್ನೂ ಕರೆದುಕೊಂಡು ಪೆರೇಸಂದ್ರಕ್ಕೆ ಹೊರಟಳು.

"ನಾಳೆ ಶುಕ್ರವಾರ ಅಪ್ಪನ ಮನೇಲಿ ದೇವರ ಮುಂದೆ ಪತ್ರಿಕೆ ಇಡ್ಬೇಕು. ಪೆನ್ ಡ್ರೈವ್‌ಗೆ ಹಾಕ್ಕೊಂಡು ಸಾಯಂಕಾಲದೊಳಗೆ ಪ್ರೆಸ್ ಚಲಪತಿಗೆ ಕೊಟ್ಬಿಡಿ. ಎಂಟ್ನೂರು ಕಾರ್ಡು. ಬೇರೆ ಏನೂ ಮಾಡ್ಬೇಡಿ, ದಮ್ಮಯ್ಯ."

ಬೇಸಿಗೆ ರಜೆ. ಮನೆಯಲ್ಲಿ ನಾನೊಬ್ಬನೇ. ಬೇರೆ ಏನೂ ಮಾಡಬೇಡಿ ಎಂದು ಹೇಳಿ ಹೋದ ಮೇಲೆ ಸುಮ್ಮನೆ ಕೂರುವುದು ಹೇಗೆ? ಆಗಲೇ ನನ್ನ ತಲೆಗೆ ಆ ದಿವ್ಯವಾದ ಯೋಚನೆ ಬಂದದ್ದು. ಅವಳ ವಿಂಡೋಸನ್ನು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕೂರಿಸಿಬಿಟ್ಟರೆ? ನಾಳೆ ಬಂದು ಸ್ವಿಚ್ ಹಾಕುತ್ತಾಳೆ, ಅವಳದ್ದೇ ತೆರೆದುಕೊಳ್ಳುತ್ತದೆ, ನನ್ನ ಕಡೆ ತಿರುಗಿ ನಗುತ್ತಾಳೆ. ಗಂಡನಾದವನಿಗೆ ಇಷ್ಟು ಆಸೆಯೂ ಇರಬಾರದೇ?

ಲಿನಕ್ಸಿನೊಳಗೆ ಹೊಕ್ಕು ಆ ಪಟ್ಟಿಯ ಕಡತವನ್ನು ಹುಡುಕಿ ತೆರೆದೆ. ವಿಂಡೋಸನ್ನು ಮೊದಲ ಸ್ಥಾನಕ್ಕೆ ಏರಿಸಿದೆ. ಬೀಗರ ಪಂಕ್ತಿಯಲ್ಲಿ ಮುನಿಸಿಕೊಂಡ ಇಬ್ಬರ ನಡುವೆ ಒಬ್ಬ ಯಜಮಾನರನ್ನು ಕೂರಿಸುತ್ತಾರಲ್ಲ, ಹಾಗೆ ಎರಡನೆಯ ಸ್ಥಾನದಲ್ಲಿ, ಲಿನಕ್ಸಿನ ಪರಿವಾರದಲ್ಲೇ ಇದ್ದ, ಕಂಪ್ಯೂಟರಿನ ನೆನಪುಶಕ್ತಿ ತಪಾಸಣೆ ಮಾಡುವ ಮೆಮೊರಿ ಪರೀಕ್ಷೆ ಎಂಬ ನಿರುಪದ್ರವಿಯನ್ನು ಇಟ್ಟೆ. ಮೂರನೆಯದು ನನ್ನ ಲಿನಕ್ಸ್. ತಾನಾಗಿ ತೆರೆದುಕೊಳ್ಳುವುದು ಎಷ್ಟನೆಯದು ಎಂಬಲ್ಲಿ 'ಒಂದು' ಎಂದು ಬರೆದೆ. ಇನ್ನು ಪಟ್ಟಿಯನ್ನೇ ಕಾಣದಂತೆ ಮುಚ್ಚಿಟ್ಟರೆ ಮೇಲೆ ಕೆಳಗೆ ಎಂಬ ಜಗಳವೇ ಹುಟ್ಟುವುದಿಲ್ಲ ಎಂದು ಅದನ್ನೂ ಮುಚ್ಚಿ, ಕಾಯುವ ಹತ್ತು ಸೆಕೆಂಡನ್ನು ಒಂದೇ ಸೆಕೆಂಡಿಗೆ ಇಳಿಸಿದೆ. ಆಮೇಲೆ ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದೆ.

ಕಪ್ಪು ಪರದೆಯ ಮೇಲೆ ಏನೋ ಒಂದು ಸಾಲು ಮಿಂಚಿ ಮಾಯವಾಯಿತು. ಮರುಕ್ಷಣ ಪರದೆ ನೀಲಿಯಾಗಿ, ಅದರ ತುಂಬ ಅಂಕಿಗಳು ಓಡತೊಡಗಿದವು. ಮೆಮೊರಿ ಪರೀಕ್ಷೆ!

ಪರೀಕ್ಷೆ ಮುಗಿದ ಮೇಲೆ ವಿಂಡೋಸ್ ಬರಬಹುದು ಎಂದು ಕಾದೆ. ನೂರಕ್ಕೆ ನೂರು ಎಂದು ತೋರಿಸಿ, ಪಾಸು ಎಂದು ಬರೆದು, ಮತ್ತೆ ಸೊನ್ನೆಯಿಂದ ಶುರುಮಾಡಿತು. ಪಾಸಾದ ಹುಡುಗನನ್ನು ಮತ್ತೆ ಪರೀಕ್ಷೆಗೆ ಕೂರಿಸುವ ಪದ್ಧತಿಯನ್ನು ನನ್ನ ಸರ್ವಿಸಿನಲ್ಲೇ ನೋಡಿರಲಿಲ್ಲ. ಆರಿಸಿ ಹಾಕಿದೆ. ಪರೀಕ್ಷೆ. ಹಿಂದಿನ ವೈರುಗಳನ್ನೆಲ್ಲ ಕಿತ್ತು, ಒರೆಸಿ, ಸಿಕ್ಕಿಸಿ ಹಾಕಿದೆ. ಪರೀಕ್ಷೆ. ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಓಡಾಡಿ ಚೊಂಬುಗಟ್ಟಲೆ ನೀರು ಕುಡಿದೆ. ನನಗೆ ತರಬೇತಿ ಕೊಟ್ಟಿದ್ದ ಗೌರಿಬಿದನೂರಿನ ಗಂಗಾಧರ್ ಮೇಷ್ಟ್ರಿಗೆ ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿ, "ಅವ್ರು ಸ್ಕಂದಗಿರಿ ಹತ್ತೋಕೆ ಹೋಗವ್ರೆ. ಫೋನು ಮನೇಲೇ ಬಿಟ್ಟವ್ರೆ" ಎಂದರು. ಮನುಷ್ಯನಿಗೆ ಬೆಟ್ಟ ಹತ್ತಲು ಬೇರೆ ದಿನವೇ ಸಿಗಲಿಲ್ಲವೇ!

ಅಷ್ಟರಲ್ಲಿ ರತ್ನಳ ಫೋನು. "ಕೊಟ್ರಾ?"

"ಆಗ್ತಾ ಐತೆ ಕಣೇ."

"ಏನಾಗ್ತಾ ಐತೆ?"

"ಅದೇ... ಪರೀಕ್ಷೆ ಮಾಡ್ತಾ ಇದೀನಿ. ತಪ್ಪು ಗಿಪ್ಪು ಇರಬಾರದು ನೋಡು."

ಕೊನೆಯ ಅಸ್ತ್ರವಾಗಿ ತರಬೇತಿಯ ಸಿ.ಡಿ. ಹಾಕಿದೆ. ಪುಣ್ಯಕ್ಕೆ ಕಂಪ್ಯೂಟರು ಸಿ.ಡಿ.ಯಿಂದ ಎದ್ದು ಕೂತಿತು, ಹುಡುಕಿದರೆ ಪತ್ರಿಕೆಯ ಕಡತವೂ ಸಿಕ್ಕಿತು. ತೆರೆದರೆ, ಶ್ರೀ ಇದ್ದ ಕಡೆ ಕೊಂಬು, ಮುಹೂರ್ತದ ಕಡೆ ಬಾಲ, ಮಾವನವರ ಹೆಸರಿನ ಕಡೆ ಇಂಗ್ಲಿಷ್ ಅಕ್ಷರಗಳ ಮೇಲೆ ಎರಡೆರಡು ಚುಕ್ಕಿ. ಕನ್ನಡ ಎಂಬುದು ಹೇಳಹೆಸರಿಲ್ಲದೆ ಹೋಗಿತ್ತು. ಕಡತವೇ ಕೆಟ್ಟುಹೋಯಿತು ಎಂದುಕೊಂಡೆ. ಎರಡು ವಾರದ ಸಂಧಾನ, ಒಂದೇ ಮಧ್ಯಾಹ್ನದಲ್ಲಿ ನನ್ನ ಕೈಯಾರೆ!

ಗಡಿಯಾರ ನಾಲ್ಕು ಹೊಡೆಯಿತು. ಒಂದು ಬಿಳಿ ಹಾಳೆ ತೆಗೆದುಕೊಂಡು ಕೂತು, ನೆನಪಿನಿಂದಲೇ ಬರೆಯತೊಡಗಿದೆ. ಗಂಡು, ಹೆಣ್ಣು, ಮುಹೂರ್ತ, ಛತ್ರ ಎಲ್ಲ ಸುಲಭವಾಗಿ ಬಂದವು. ಆಮೇಲೆ ಆಗಮನಾಭಿಲಾಷಿಗಳು. ಅಷ್ಟು ಜಗಳವಾಡಿದವರು ಮೇಲೇ ಇರಬೇಕು ಎಂದು ಕೋನಪ್ಪನವರನ್ನು ಮೊದಲು ಬರೆದೆ. ಚಿಕ್ಕಪ್ಪ ಪಿಳ್ಳಪ್ಪ, ದೊಡ್ಡತ್ತೆ ಮಂಗಮ್ಮ, ಅವರ ಮಗ ಕನಕರಾಜ್, ಕೊನೆಗೆ ನನ್ನ ಹೆಂಡತಿ, ನನ್ನ ಮಗಳು ತನುಶ್ರೀ ತನಕ ಒಬ್ಬರನ್ನೂ ಬಿಡದೆ ಬರೆದು ಎಣಿಸಿದೆ. ಇಪ್ಪತ್ತು!

ಮತ್ತೆ ಎಣಿಸಿದೆ. ಬೆರಳು ಮಡಿಸಿ ಎಣಿಸಿದೆ. ಕೆಳಗಿನಿಂದ ಮೇಲಕ್ಕೆ ಎಣಿಸಿದೆ. ಇಪ್ಪತ್ತೇ. ಯಾರೋ ಒಬ್ಬರು ಬಿಟ್ಟುಹೋಗಿದ್ದಾರೆ! ಯಾರು? ಕಣ್ಣು ಮುಚ್ಚಿ ಹೆಂಡತಿಯ ಇಡೀ ವಂಶವನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ಇದ್ದರು. ಬಿಟ್ಟುಹೋದವರು ಯಾರೇ ಆಗಲಿ, ಮದುವೆಯ ದಿನ ಛತ್ರದ ಬಾಗಿಲಲ್ಲಿ ನನ್ನ ಕೊರಳಪಟ್ಟಿ ಹಿಡಿಯುವುದು ಖಂಡಿತ ಎನಿಸಿ ಬೆವರು ಇಳಿಯಿತು. ಆಗ ತಟ್ಟನೆ ಹೊಳೆಯಿತು, ಕೋನಪ್ಪನವರ ಅತ್ತೆ ಓಬಳಮ್ಮ! ವಯಸ್ಸಾದ ಜೀವ, ಅವರೇ ಇರಬೇಕು. ಬರೆದೆ. ಇಪ್ಪತ್ತೊಂದು. ಓಡಿಹೋಗಿ ಚಲಪತಿಯ ಕೈಗೆ ಹಾಳೆ ಇಟ್ಟು, "ಇದ್ದದ್ದು ಇದ್ದಂಗೇ ಹಾಕಪ್ಪಾ" ಎಂದೆ.

ಮರುದಿನ ಬೆಳಿಗ್ಗೆ ಗಂಗಾಧರ್ ಫೋನ್ ಮಾಡಿದರು. ಕಥೆ ಕೇಳಿ, ಕೆಮ್ಮು ಬರುವಷ್ಟು ನಕ್ಕರು.

"ಮಿಂಚಿ ಹೋಗೋ ಸಾಲಿದ್ಯಲ್ಲ ಸಾರ್, ಎಸ್ಕೇಪ್ ಕೀ ಒತ್ತಿದ್ರೆ ಪಟ್ಟಿ ಬರ್ತದೆ ಅಂತಾನೇ ಅದು ಹೇಳೋದು. ಕಡತಾನೂ ಕೆಟ್ಟಿಲ್ಲ. ನಿಮ್ ಲಿನಕ್ಸಲ್ಲಿ ಆ ಕನ್ನಡ ಅಕ್ಷರ ಇಲ್ಲ ಅಷ್ಟೇ. ಹಂಗೇ ಪ್ರೆಸ್ಸಿಗೆ ಕೊಟ್ಟಿದ್ರೆ ಸರಿಯಾಗಿ ಬರ್ತಿತ್ತು."

"ಮತ್ತೆ ಪರೀಕ್ಷೆ ಯಾಕೆ ಬಂತು? ನಾನು ಒಂದು ಅಂತ ಬರೆದಿದ್ನಲ್ಲ!"

"ಅದು ಸೊನ್ನೆಯಿಂದ ಎಣಿಸ್ತದೆ ಸಾರ್. ಮೊದಲನೇದು ಸೊನ್ನೆ. ನೀವು ಒಂದು ಅಂದ್ರೆ ಅದಕ್ಕೆ ಎರಡನೇದು."

ಎಸ್ಕೇಪ್ ಒತ್ತಿದೆ, ಪಟ್ಟಿ ಬಂತು. ಲಿನಕ್ಸಿಗೆ ಹೋಗಿ ಒಂದನ್ನು ಸೊನ್ನೆ ಮಾಡಿದೆ, ಎಲ್ಲ ಸರಿಹೋಯಿತು. ಮೊದಲಿನವನನ್ನೇ ಲೆಕ್ಕಕ್ಕೆ ಹಿಡಿಯದ ಇದೆಂಥ ಪೆದ್ದು ಯಂತ್ರವಪ್ಪಾ ಎಂದು ನಗುತ್ತ, ಕಾರ್ಡಿನ ಕಟ್ಟುಗಳನ್ನು ಹೊತ್ತು ಪೆರೇಸಂದ್ರದ ಬಸ್ಸು ಹತ್ತಿದೆ.

ದೇವರ ಮುಂದೆ ಪತ್ರಿಕೆ ಇಟ್ಟು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಕೋನಪ್ಪನವರೇ ಎತ್ತಿಕೊಂಡು ಗಟ್ಟಿಯಾಗಿ ಓದಿದರು. ತಮ್ಮ ಹೆಸರೇ ಮೊದಲಿದ್ದದ್ದು ಕಂಡು ಅವರ ಮುಖ ಅರಳಿತು. ಓಬಳಮ್ಮನ ಹೆಸರು ಬಂದಾಗಲಂತೂ ಕಣ್ಣೇ ತುಂಬಿತು. "ಅಯ್ಯೋ ದೇವುಡಾ! ನಮ್ಮತ್ತೆ ಹೆಸರು ಹಾಕಿ ಅಂತ ಕೇಳೋಕೆ ನನಗೇ ನಾಚಿಕೆ ಆಗಿತ್ತು. ಅಳಿಯಂದ್ರು ದೊಡ್ಡ ಮನುಷ್ಯರು ಕಣಮ್ಮಾ ರತ್ನ. ತಮ್ಮ ಹೆಸರು ತೆಗೆದು ನಮ್ಮತ್ತೇದು ಹಾಕವ್ರೆ!"

ರತ್ನ ಕಾರ್ಡನ್ನು ಕಿತ್ತುಕೊಂಡು ಮೇಲಿನಿಂದ ಕೆಳಗೆ ನೋಡಿದಳು. ನಾನೂ ಅವಳ ಹೆಗಲ ಮೇಲಿಂದ ಇಣುಕಿದೆ. ಇಪ್ಪತ್ತೊಂದು ಹೆಸರುಗಳಲ್ಲಿ ರಮೇಶ್‌ಬಾಬು ಎಂಬವನು ಎಲ್ಲೂ ಇರಲಿಲ್ಲ.

"ರೀ, ಬನ್ನಿ ಇಲ್ಲಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದಳು. ನಾನು ಎಲ್ಲವನ್ನೂ ಒಪ್ಪಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ, ದನಿ ಒಡೆಯಿತು.

"ಎರಡು ವಾರ ಯಾತಕ್ಕೆ ಗುದ್ದಾಡಿದೆ ಅನ್ಕೊಂಡ್ರಿ? ಹಿರಿ ಅಳಿಯನ ಹೆಸರೇ ಮೊದಲು ಬರ್ಬೇಕು ಅಂತ. ಮಾವ ಒಪ್ಪಲೇ ಇಲ್ಲ. ನೆನ್ನೆ ಬೆಳಿಗ್ಗೆ ಒಪ್ಸಿ, ದಪ್ಪಕ್ಷರದಲ್ಲಿ ಹಾಕಿದ್ದೆ. ಕಣ್ಣಿಗೆ ಬೀಳೋ ಹಂಗೆ."

ಬಾಗಿಲ ಹೊರಗೆ ನಿಂತು ಮಂತ್ರಿಮಂಡಲ ಎಂದು ನಕ್ಕಿದ್ದೆನಲ್ಲ, ಅದನ್ನು ನೆನೆದು ತುಂಬಾ ನಾಚಿಕೆಯಾಯಿತು. "ನಾನೂ ನಿನ್ನನ್ನ ಮೇಲೆ ಕೂರ್ಸೋಕೇ ಹೋಗಿದ್ದು ಕಣೇ" ಎಂದೆ ಮೆಲ್ಲಗೆ.

ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮೂಗೇರಿಸಿದಳು. ಮತ್ತೆ ಅಚ್ಚು ಹಾಕಿಸಲು ಚಲಪತಿಗೆ ಪುರುಸೊತ್ತಿರಲಿಲ್ಲ. ಎಂಟುನೂರು ಕಾರ್ಡಿನ ಮೇಲೂ ನನ್ನ ಹೆಸರನ್ನು ನಾನೇ ಪೆನ್ನಿನಲ್ಲಿ ಬರೆಯಬೇಕೆಂದು ತೀರ್ಪಾಯಿತು. ಇಪ್ಪತ್ತೊಂದು ಹೆಸರು ತುಂಬಿ ತುಳುಕುತ್ತಿದ್ದ ಕಾರ್ಡಿನಲ್ಲಿ ಜಾಗ ಉಳಿದದ್ದು ತೀರಾ ಕೆಳಗೆ, 'ಮುದ್ರಣ: ಚಲಪತಿ' ಎಂಬುದರ ಪಕ್ಕದಲ್ಲಿ ಮಾತ್ರ. ಕೈ ಸೋಲುವವರೆಗೆ ಅಲ್ಲೇ ಬರೆದೆ.

ಮದುವೆಯ ದಿನ ಛತ್ರದ ಬಾಗಿಲಲ್ಲಿ ಗಂಧ, ಕಲ್ಲುಸಕ್ಕರೆ ಹಿಡಿದು ರತ್ನಳ ಪಕ್ಕದಲ್ಲಿ ಠೀವಿಯಿಂದ ನಿಂತಿದ್ದೆ. ತೊಂಡೇಬಾವಿಯಿಂದ ಬಂದಿದ್ದ ಗಂಡಿನ ಕಡೆಯ ಹಿರಿಯರು ಮುನಿಗಂಗಪ್ಪನವರು ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು, "ಇಲ್ಲಿ ರಮೇಶ್‌ಬಾಬು ಅಂದ್ರೆ ಯಾರಪ್ಪಾ?" ಎಂದರು.

"ನಾನೇ ತಾತ!" ಎಂದೆ ಎದೆಯುಬ್ಬಿಸಿ. ಕೊನೆಗೂ ಒಬ್ಬರು ಓದಿದರಲ್ಲ!

"ಓ, ಪ್ರೆಸ್ಸಿನೋರು ನೀವೇನಾ? ಅಕ್ಷರ ಭಾಳ ಚೆನ್ನಾಗೈತೆ. ನಮ್ ಮೊಮ್ಮಗನ ಮದ್ವೆನೂ ಐತೆ, ಎಷ್ಟು ದಿನಕ್ಕೆ ಮಾಡಿಕೊಡ್ತೀರ?"

ನಾನು ರತ್ನಳ ಮುಖ ನೋಡಿದೆ. ಅವಳು ಗಂಧದ ಬಟ್ಟಲನ್ನು ತಾತನ ಮುಂದೆ ಹಿಡಿದು, ನಗು ತಡೆದುಕೊಂಡು ಹೇಳಿದಳು:

"ಬೇಗ ಮಾಡಿಕೊಡ್ತಾರೆ ತಾತ. ಹೆಸರು ಮಾತ್ರ ನೀವೇ ಎಣಿಸ್ಕೊಳ್ಳಿ."